ಹಂಸಪಾದ

ಗದಗ ಬಸ್‌ಸ್ಟ್ಯಾಂಡಿನ್ಯಾಗ ಕಂಡಕ್ಟರ
ನನ್ನ ಆಧಾರ ಕಾರ್ಡು ತಿರುವಿ ನೋಡಿ
ಸೊನ್ನಿ ರೂಪಾಯಿ ಟಿಕೀಟು ಹರದು ಕೊಟ್ಟ.
"ನಿಮಗ ಸೊನ್ನಿರಿ ಅಕ್ಕಾರ,
ಕೊಡಕ್ಕ ಮಾತ್ರ ಹದಿನೈದು."

ತಾಮ್ರದ ಕೊಡ. ಅವ್ವಂದು.
ಹೊಟ್ಟಿಮ್ಯಾಲ ಚುಕ್ಕಿ ಬಡದು ಬರದ ಹೆಸರು:
ತುಗವ್ವ.
ತುಂಗವ್ವ ಆಗಬೇಕಿತ್ತು.

ಹುಬ್ಬಳ್ಳಿ ಕಂಚಗಾರ ಗಲ್ಲ್ಯಾಗ ಯಾರೋ
ಲಗ್ನದ ಸುಗ್ಗಿ ಅವಸರದಾಗ
ಒಂದು ಸೊನ್ನಿ ನುಂಗಿದ್ದ.
ನೀರಿಗೆ ಹೋದಲ್ಲೆ ಗೆಳತ್ಯಾರು
"ಏ ತುಗವ್ವಾ" ಅಂತ ಕರದು ನಗತಿದ್ದರಂತ.
ಅವ್ವ ಅಂತಿದ್ದಳು: "ಇರಲಿ ಬಿಡ,
ನೀರಿಗೇನು ಓದಾಕ ಬರತೈತೇನು?"

ನನಗ ಬರತೈತಲ್ಲ.
ಮೂವತ್ತೊಂಬತ್ತು ವರ್ಷ ಪ್ರೆಸ್ಸಿನ್ಯಾಗ ಕುಂತು
ಕರಡು ತಿದ್ದಿದಾಕಿ ನಾನು.
ಲಗ್ನಪತ್ರಿಕಿ, ಪಂಚಾಂಗ, ಸೊಸೈಟಿ ವರದಿ,
ಯಾರಯಾರದೋ ಹೆಸರಿಗೆ
ಕೊಂಬು ಕೊಟ್ಟೀನಿ, ಒತ್ತು ಇಳಿಸೀನಿ,
ಇಂಥಾ ಸೊನ್ನಿ ಎಷ್ಟು ಹಾಕೀನೋ ಲೆಕ್ಕಿಲ್ಲ.
ಮನ್ಯಾಗಿನ ತಪ್ಪು ಮಾತ್ರ
ಬಚ್ಚಲ ಮೂಲ್ಯಾಗ
ನೀರು ತುಂಬಿಕೊಂಡು ಕುಂತಿತ್ತು.

ಹುಲಕೋಟಿ. ಅಣ್ಣಿಗೇರಿ. ಎರಿಹೊಲ, ಮತ್ತ ಎರಿಹೊಲ.
ಕೊಡ ನನ್ನ ಮೊಣಕಾಲ ನಡುವ
ಹಂಪಿಗೊಮ್ಮೆ ದಣ್ಣಂತಿತ್ತು.
ನಲವಡ್ಯಾಗ ಸುಲಗಾಯಿ ಬುಟ್ಟಿ ಹೊತ್ತು ಹತ್ತಿದಾಕಿ
ಬೆರಳ ಗೆಣ್ಣಿಲೆ ಅದನ್ನ ಬಡದು ನೋಡಿದಳು.
"ಹಳೇ ತಾಮ್ರ. ಮಾರಬ್ಯಾಡ."
ಮಾರಾಕಲ್ಲ, ತಿದ್ದಸಾಕ.
"ಸೋರತೈತೇನು?"
ಹೂಂ, ಹೆಸರು.

ಹೊಸೂರಿನ್ಯಾಗ ಇಳದು ಸಿಟಿ ಬಸ್ಸು, ಮತ್ತೊಂದು ಸೊನ್ನಿ.
ನಡುರಸ್ತಾದಾಗ ಚಿಗರಿ ತನ್ನ ಹೆಸರಿಗೆ ತಕ್ಕಂಗ ಜಿಗದು ಹೋತು.
ನಮ್ಮದು ಚನ್ನಮ್ಮನ ಸರ್ಕಲ್ಲಿನ್ಯಾಗ
ಎಮ್ಮಿಹಂಗ ಮೆಲಕಾಡಿಸಿಕೋತ ನಿಂತಿತ್ತು.

ಸಿಬಿಟಿಯೊಳಗ ಇಳದು ದಾರಿ ಕೇಳಿದೆ.
ಬಾಳಿಹಣ್ಣಿನಂವ, "ದುರ್ಗದಬೈಲ ದಾಟಿ ಎಡಕ್ಕ" ಅಂದ.
ಚಪ್ಪಲಿ ಅಂಗಡಿ ಹುಡುಗ ಫೋನು ತಗದು
"ಬಲಕ್ಕ ತೋರಸಾಕತ್ತೈತಿ ನೋಡ್ರಿ" ಅಂದ.
ಕಮೀಸು ಹೊಲಿಯೂ ಖಾಜೇಸಾಬರು
ಹಲ್ಲಾಗಿನ ಸೂಜಿ ತಗದು ಹೇಳಿದರು:
"ಮೊದಲ ಯಾರೂ ಕೇಳತಿದ್ದಿಲ್ಲವ್ವಾ.
ಬಡಿಯೂ ಸಪ್ಪಳ ಹಿಡದು ಹೋದರ ಆತು.
ಈಗ ಎಲ್ಲೆ ಸಪ್ಪಳ ನಿಲ್ಲತೈತಿ
ಅಲ್ಲೆ ನಿಲ್ಲು."

ಅಲ್ಲೆ ನಿಂತೆ. ಎರಡೂ ಕಡೆ ಸ್ಟೀಲಿನ ಡಬ್ಬಿ,
ಪ್ಲಾಸ್ಟಿಕ್ ಹೊದ್ದುಕೊಂಡ ಕುಕ್ಕರು.
ಒಂದು ಕಟ್ಟಿಮ್ಯಾಲ ಮಾತ್ರ ಮೌನೇಶಪ್ಪ,
ಗಿರಾಕಿ ಇಲ್ಲದ ಮಧ್ಯಾಹ್ನ, ಅಡಿಕಿ ಕತ್ತರಿಸಾಕತ್ತಿದ್ದ.

ಕೊಡ ತಿರುವಿ, ಕೊಂಬಿನ ಮ್ಯಾಲ ಹೆಬ್ಬಟ್ಟು ಆಡಿಸಿ
"ಈ ತಿರುವು ನಮ್ಮ ಕಾಕಾನ ಕೈದು" ಅಂದ.
"ಕೈ ಬಂಗಾರ. ಕಣ್ಣು ಮಾತ್ರ ಯಾವಾಗಲೂ
ಎದುರಿನ ಚಹಾದಂಗಡಿ ಕಡೆ."
ಕರೆಂಟಿನ ಪೆನ್ನು ಬದಿಗಿಟ್ಟು ಉಳಿ ಹುಡುಕಿದ.
ಆಮ್ಯಾಲ ತಲಿ ಅಲ್ಲಾಡಿಸಿದ:
"ಜಾಗಾನ ಇಲ್ಲಲ್ರಿ. ತು, ಗ,
ನಡುವ ಸೂಜಿನೂ ಹೋಗಂಗಿಲ್ಲ."

ಜಾಗಾ ಇಲ್ಲ!
ಎಷ್ಟು ಕಂಪೋಜಿಟರ ಬಾಯಾಗ ಕೇಳೀನಿ ಈ ಮಾತು.
ಕೈ ತಾನ ಚೀಲದಾಗಿನ ಕೆಂಪು ಪೆನ್ಸಿಲ್ಲಿಗೆ ಹೋತು.
ಅಕ್ಷರದ ಬುಡಕ್ಕ ಹಂಸಪಾದ ಗೀಚಿದೆ,
ಮ್ಯಾಲ ಸೊನ್ನಿ ಬರದೆ. ಹಿಂಗ ಬಡೀರಿ.
"ತಿದ್ದಿದ್ದು ಕಾಣತೈತಲ್ರಿ?"
ಕಾಣಲಿ.

ಟಣ್.
ಟಣ್. ಟಣ್.
ಸೊನ್ನಿಗೆ ಏಳು ಚುಕ್ಕಿ, ಹಂಸದ ಕಾಲಿಗೆ ಆರು.
ಎದುರಿನ ಸ್ಟೀಲಂಗಡಿ ಹುಡುಗ ಮೊಬೈಲಿನಿಂದ ತಲಿ ಎತ್ತಿದ.
ಹದಿಮೂರು ಪೆಟ್ಟಿನಷ್ಟು ಹೊತ್ತು
ಗಲ್ಲಿ ತನ್ನ ಹೆಸರಿಗೆ ಓಗೊಟ್ಟಿತು.

ಎಷ್ಟಾತರಿ?
"ಸೊನ್ನಿ ನಮ್ಮ ಕಾಕಾನ ಬಾಕಿ, ಬಿಡ್ರಿ.
ಹಂಸಕ್ಕ ಇಪ್ಪತ್ತು ಕೊಡ್ರಿ."

ಸಂಜೀ ಬಸ್ಸಿನ್ಯಾಗ ಬ್ಯಾರೆ ಕಂಡಕ್ಟರ.
ನಿಮಗ ಸೊನ್ನಿ, ಕೊಡಕ್ಕ ಹದಿನೈದು.
ಅದಕ್ಕೂ ಒಂದು ಸೊನ್ನಿ ಬಂದೈತಿ ನೋಡಪಾ, ಅಂದೆ.
ಬಗ್ಗಿ, ಲೈಟಿನ ಬೆಳಕಿಗೆ ಕೊಡ ತಿರುವಿ
ಒಂದೊಂದ ಅಕ್ಷರ ಬಾಯಿಬಿಟ್ಟು ಓದಿದ:
ತುಂ, ಗ, ವ್ವ.
ಓದಿ,
ಹದಿನೈದರ ಟಿಕೀಟು ಹರದ.