ಹನ್ನೆರಡು ನಾಟ್

ಬಂದರಿನ ಹಲಗೆಯ ಮೇಲೆ ಸೀಮೆಸುಣ್ಣದಲ್ಲಿ
ಬೆಳಿಗ್ಗೆಯೇ ಬರೆದಿಟ್ಟಿದ್ದಾರೆ: ಪಡುವಣ ಗಾಳಿ, ಹನ್ನೆರಡು ನಾಟ್.
ಬರೀ ಗಾಳಿಮಾತು, ಎನ್ನುತ್ತಾನೆ ತುಗ್ದುವಾಲ್.
ಇಪ್ಪತ್ತಾರು ವರ್ಷದಿಂದ ಆ ಹಲಗೆಗೆ ಅದೇ ಉತ್ತರ.
ಬೂಟು ಕಳಚಿ ಮರಳಿಗಿಳಿಯುತ್ತಾನೆ.

ಕಿಬೆರೋನ್ ಕೊಲ್ಲಿಯ ಈ ದಂಡೆಯಲ್ಲಿ
ಅಂಕಿಯನ್ನು ನಂಬುವವನು ಹೊಸ ಹುಡುಗ ಗುಲ್ವೆನ್ ಒಬ್ಬನೇ.
ಗಿರಗಿರ ತಿರುಗುವ ಪುಟ್ಟ ಯಂತ್ರವನ್ನು
ತಲೆಯ ಮೇಲೆತ್ತಿ ನಿಂತಿದ್ದಾನೆ.
ನಾವು ನೋಡುವುದು ತಂತಿಗೆ ಕಟ್ಟಿದ ಉಣ್ಣೆಯೆಳೆ,
ಸಿಂಪಿದೋಣಿಯ ಹೊಗೆ, ನೀರಿನ ಬಣ್ಣ,
ಆಮೇಲೆ ನಮ್ಮ ನಮ್ಮ ಹೊಟ್ಟೆ.

ಹಗುರ ಗಾಳಿ ಎಂದರೆ ಇಬ್ಬರೂ ಒಳಗೆ.
ಅವನು ಮುಂದೆ, ಗಾಳಿಯಿಳಿಯುವ ಬದಿಗೆ, ಬೋರಲು,
ಹಿಂಬದಿಯನ್ನು ನೀರು ಬಿಟ್ಟುಕೊಡಲಿ ಅಂತ.
ಕೆಮ್ಮು ಬಂದರೆ ನುಂಗಬೇಕು.
ಒಬ್ಬರು ಸರಿದರೂ ಸಾಕು,
ಹಾಯಿಯಲ್ಲಿ ತೊಟ್ಟುತೊಟ್ಟಾಗಿ ಕೂಡಿದ್ದೆಲ್ಲ ಚೆಲ್ಲಿಹೋಗುತ್ತದೆ.
ಜಗಳವಾಡಿದ ದಿನ ಇಂಥ ಗಾಳಿ ಸಿಗಬಾರದು.
ಒಮ್ಮೆ ಸಿಕ್ಕಿತ್ತು, ಮೂರು ಗಂಟೆ.
ಅವನ ತಂಗಿಯ ಮದುವೆಗೆ ನಾನು ಹೋಗಿರಲಿಲ್ಲ.

ಮಧ್ಯಮ ಎಂದರೆ ಒಬ್ಬರು ಹೊರಗೆ.
ಸೊಂಟದ ಕೊಕ್ಕೆ ತಂತಿಗೆ ಸಿಕ್ಕಿಸಿ
ಅಂಗಾಲು ಅಂಚಿಗೊತ್ತಿ
ನೀರಿನ ಮೇಲೆ ಅಂಗಾತ ಮಲಗುತ್ತಿದ್ದ,
ಎಂಬತ್ತೇಳು ಕಿಲೋ.
ಈಚೆಯ ಒಡಲು ನೀರನ್ನು ಬಿಟ್ಟೂ ಬಿಡದ ಹಾಗೆ,
ಬಿಸಿಹಾಲಿಗೆ ತುಟಿ ತಾಗಿಸಿ ನೋಡಿದ ಹಾಗೆ.
ಅದೇ ಗಾಳಿ ಪಕ್ಕದ ದೋಣಿಯ ಸೊಲೆನ್‌ಗೆ, ಅವಳ ತಂಗಿಗೆ
ಆಗಲೇ ಬಿರುಸು.
ಇಬ್ಬರನ್ನೂ ಕೂಡಿಸಿ ತೂಗಿದರೆ ನೂರೆಂಟು ಕಿಲೋ.
ಸಾಕು ಸಾಕು, ಎಂದು ಅವರು ಕಿರುಚುತ್ತಿದ್ದರು.
ಬರಲಿ ಬರಲಿ, ಎಂದು ನಾವು.

ಬಿರುಸು ಎಂದರೆ ಇಬ್ಬರೂ ಹೊರಗೆ, ಆದರೂ ಸಾಲದು.
ಹಾಯಿಯನ್ನು ಕೆಳಗೆಳೆದು ಚಪ್ಪಟೆ ಮಾಡು, ಹಗ್ಗ ಬಿಡು,
ಹಿಂದೆ ಸರಿ, ಇನ್ನೂ ಹಿಂದೆ.
ಆಚೆಯ ಒಡಲಿನ ಮೂತಿ ನೀರಿಗೆ ಹೊಕ್ಕಿತೋ
ದೋಣಿ ಲಾಗ ಹಾಕುತ್ತದೆ.
ಹಾಕಿದೆ. ಅವನ ಮುಂಗೈಯಲ್ಲಿ ಇನ್ನೂ ಗುರುತಿದೆ,
ನನ್ನ ಹಲ್ಲಿನದು.

ಕಟ್ಟುಮರ.
ಹೆಸರು ದೂರದ ಯಾವುದೋ ಕಡಲಿನದು,
ಅಲ್ಲಿ ಮರಕ್ಕೆ ಮರ ಕಟ್ಟಿ ಮೀನಿಗೆ ಹೋಗುತ್ತಿದ್ದರಂತೆ.
ಇದನ್ನೂ ಹೇಳಿದೆ. ಗುಲ್ವೆನ್ ಎಲ್ಲವನ್ನೂ ಬರೆದುಕೊಂಡ.

ಚಳಿಗಾಲವಿಡೀ ಆಸ್ಪತ್ರೆಯಲ್ಲಿದ್ದು ಬಂದಿದ್ದಾನೆ ತುಗ್ದುವಾಲ್.
ಸೊಂಟಪಟ್ಟಿಗೆ ಮೂರು ಹೊಸ ತೂತು,
ಮೊಳೆ ಕಾಯಿಸಿ ತಾನೇ ಕೊರೆದದ್ದು.
ದಂಡೆಯಲ್ಲಿ ಯಾರೂ ಏನೂ ಕೇಳಲಿಲ್ಲ.
ಎಲ್ಲರೂ ಹಗ್ಗ ಬಿಡಿಸುವುದರಲ್ಲಿದ್ದರು.

ದೀಪಸ್ತಂಭ ದಾಟಿದ ಮೇಲೆ ಉಣ್ಣೆಯೆಳೆ ನೆಟ್ಟಗಾಯಿತು,
ನೀರು ಕಪ್ಪಗೆ ಸುಕ್ಕುಗಟ್ಟಿತು, ಅಲ್ಲೊಂದು ಇಲ್ಲೊಂದು ನೊರೆ.
ಹನ್ನೆರಡೇ. ಹಲಗೆ ಸುಳ್ಳು ಹೇಳಿರಲಿಲ್ಲ.
ಅವನು ಕೊಕ್ಕೆ ಸಿಕ್ಕಿಸಿ ಹೊರಗೆ ಹೋದ
ತೋಳು ಹಿಂದಕ್ಕೆ ಚೆಲ್ಲಿ, ಮೊದಲಿನ ಹಾಗೆಯೇ.

ದೋಣಿ ಅವನ ಗುರುತು ಹಿಡಿಯಲಿಲ್ಲ.

ಒಡಲು ಎದ್ದಿತು. ಮೊಣಕಾಲೆತ್ತರ,
ಸೊಂಟದೆತ್ತರ, ಅಡಿಯಿಂದ ನೀರು ಸುರಿಯುತ್ತ.
ಅವನು ಹೆಬ್ಬೆರಳ ತುದಿಯ ಮೇಲೆ ನಿಂತು
ತನ್ನಲ್ಲಿ ಉಳಿದದ್ದನ್ನೆಲ್ಲ ದೂರ ದೂರ ಚಾಚಿದ.
ಹಾಯಿ ಸಡಿಲಿಸಬಹುದಿತ್ತು,
ಪಟಪಟ ಸದ್ದು ಅವನಿಗೆ ಕೇಳಿಬಿಡುತ್ತಿತ್ತು.
ಇನ್ನೊಂದು ತಂತಿ ನನ್ನ ಕಿವಿಯ ಪಕ್ಕದಲ್ಲೇ ತೂಗಾಡುತ್ತಿತ್ತು.

ಸಿಕ್ಕಿಸಿಕೊಂಡೆ. ಹೊರಗೆ ಹೋದೆ.
ಒಡಲು ನಿಧಾನಕ್ಕೆ ಇಳಿದು ನೀರು ಮುಟ್ಟಿತು.
ಭುಜಕ್ಕೆ ಭುಜ. ಅವನು ನನ್ನತ್ತ ನೋಡಲಿಲ್ಲ.
ಇವತ್ತು ಗಾಳಿ ಜೋರಿದೆ, ನೋಲ್ವೆನ್, ಎಂದ.
ಜೋರೇ, ಎಂದೆ.

ಪಕ್ಕದಲ್ಲಿ ಹಾದುಹೋದಳು ಸೊಲೆನ್,
ಈಗ ದಪ್ಪಗಾಗಿದ್ದಾಳೆ, ಮೂರು ಮಕ್ಕಳ ತಾಯಿ,
ಒಳಗೆ ಕೂತೇ ಕೈಬೀಸಿದಳು,
ಇನ್ನೊಂದು ಕೈಯಲ್ಲಿ ಕಚ್ಚಿದ ಸೇಬು.