ಒತಿಲಿಯಾ ದೊಡ್ಡಮ್ಮನ ನೆಲ

ನಮ್ಮ ತಾಲ್ಕಾದಲ್ಲಿ ಸಣ್ಣಪುಟ್ಟ ನಡುಕಕ್ಕೆ
ಯಾರೂ ಹಾಸಿಗೆ ಬಿಟ್ಟೇಳುವುದಿಲ್ಲ.
ತೂಗುದೀಪ ನೋಡುತ್ತೇವೆ. ಆಡಿತೆ? ಆಡಲಿ.
ಲೋಟದ ದ್ರಾಕ್ಷಾರಸ ತುಳುಕದಿದ್ದರೆ ಅದು ಕಂಪವೇ ಅಲ್ಲ
ಅನ್ನುತ್ತಿದ್ದ ಅಜ್ಜ ಫೆರ್ಮಿನ್,
ಅಂದವನೇ ಲೋಟ ಬರಿದು ಮಾಡುತ್ತಿದ್ದ
ತುಳುಕಲು ಏನೂ ಉಳಿಯದ ಹಾಗೆ.

ಮಾರ್ಚ್ ತಿಂಗಳು. ದ್ರಾಕ್ಷಿ ಕೊಯ್ಲಿನ ದಣಿವು,
ಬೆರಳ ಸಂದಿಯಲ್ಲಿನ್ನೂ ಅಂಟು.
ನಿದ್ದೆಯಲ್ಲಿ ಯಾರೋ ಕಿವಿ ಹಿಂಡಿದರು.
ದೊಡ್ಡಮ್ಮ.
ಮೂರನೆಯ ವರ್ಷಕ್ಕೆ ಜ್ವರ ಬಂದು ಕಿವಿ ಹೋದವಳು,
ಕೊರೆಯುವ ಚಳಿಯಲ್ಲೂ ಬರಿಗಾಲವಳು,
ಅಮ್ಮ ಹೆಣೆದುಕೊಟ್ಟ ಉಣ್ಣೆಯ ಚಪ್ಪಲಿಗಳನ್ನು
ಬೆಕ್ಕಿಗೆ ಹಾಸಿಗೆ ಮಾಡಿದವಳು,
ಬಾಗಿಲಿಗೆ ಬಂದವರನ್ನು ಅವರು ತಟ್ಟುವ ಮೊದಲೇ ಅರಿಯುವವಳು.

ದೀಪ ಹಾಕಿ ಕೈಯಲ್ಲಿ ಹೇಳಿದಳು:
ಕೆಳಗೆ. ಬರುತ್ತಿದೆ. ಏಳು.
ಕಿವಿಗೊಟ್ಟೆ. ಏನಿಲ್ಲ.
ಆಮೇಲೆ ಎಲ್ಲರ ಕಥೆಯಲ್ಲೂ ನಾಯಿಗಳು ಮೊದಲೇ ಊಳಿಟ್ಟವು;
ನಮ್ಮದು ಗೊರಕೆ ಹೊಡೆಯುತ್ತಿತ್ತು.
ಕನಸು ನಿನಗೆ, ಎಂದು ಸನ್ನೆ ಮಾಡಿ ಮಗ್ಗುಲಾದೆ.
ಅವಳು ಹೊದಿಕೆ ಕಿತ್ತೆಸೆದಳು.

ಆಗ ಬಂತು.
ಮೊದಲು ಸದ್ದು. ಮಂಚದಡಿಯಲ್ಲೊಂದು ರಸ್ತೆಯಿದೆ,
ಜಲ್ಲಿ ಲಾರಿಗಳು ಅಲ್ಲಿ ಸಾಲುಗಟ್ಟಿವೆ ಎಂಬಂತೆ.
ಬೆನ್ನಿಗೇ ನೆಲ.
ತಟ್ಟೆ ಬಟ್ಟಲು ಕಪಾಟು ತೆರೆದುಕೊಂಡು ತಾವೇ ಹೊರಬಿದ್ದವು.
ಮೂಲೆಯ ಮರಿಯಮ್ಮ ಗಿರಕ್ಕನೆ ತಿರುಗಿ
ನಮಗೆ ಬೆನ್ನು ಹಾಕಿದಳು.
ಹಸಿ ಇಟ್ಟಿಗೆಯ ಗೋಡೆ ತಾತಂದಿರ ಕಾಲದ ಹುಲ್ಲು ಮಣ್ಣು ಕಾರಿತು.
ಅಮ್ಮ ಕರೆದ ಸಂತರ ಹೆಸರುಗಳೂ ಅದುರಿ
ಅರ್ಧರ್ಧ ಉದುರಿದವು.
ಎತ್ತಿದ ಕಾಲು ಇಳಿಸಿದಾಗ
ನೆಲ ಅಲ್ಲಿರಲಿಲ್ಲ.

ದೀಪ ಹೋಯಿತು.

ಹಿತ್ತಲ ಕತ್ತಲಲ್ಲಿ ನಮಗೆ ಬಾಯಿತ್ತು, ಕೂಗಿಕೊಂಡೆವು.
ಅಪ್ಪಾ? ಇದ್ದೀನಿ.
ಲೀನೋ? ಕಾಲು ಸಿಕ್ಕಿದೆ, ಇಲ್ಲ, ಬಂತು, ಬಂದೆ.
ದೊಡ್ಡಮ್ಮನನ್ನು ಕೂಗಿ ಏನು ಫಲ?
ಕಣ್ಣೇ ಅವಳ ಕಿವಿ, ಕೈಯೇ ನಾಲಿಗೆ,
ಎರಡನ್ನೂ ಕತ್ತಲೆ ಒಂದೇ ತುತ್ತಿಗೆ ನುಂಗಿತ್ತು.
ಅಕ್ರೋಟದ ಮರ ನಿಲ್ಲದೆ ಕಾಯಿ ಸುರಿಸುತ್ತಿತ್ತು.
ಅಂಗಾಲಿಗೆ ಒತ್ತುವ ಕಾಯಿಗಳ ಮೇಲೆ ತಡವುತ್ತ ಹೋದೆ,
ಬೇರೆಯವರ ಮುಖಗಳೇ ಕೈಗೆ ಸಿಕ್ಕವು.
ಕೊನೆಗೆ ಒಂದು ಒರಟು ಕೈ ನನ್ನ ಅಂಗೈ ಬಿಡಿಸಿ
ಬೆರಳಲ್ಲಿ ಬರೆಯಿತು, ಒಂದೊಂದೇ ಅಕ್ಷರ.
ತಪ್ಪು ಓದಿದೆ. ಹಲಗೆ ಒರೆಸುವಂತೆ ಅಂಗೈ ಒರೆಸಿ
ಮತ್ತೆ ಬರೆದಳು:
ಎಷ್ಟು ಜನ ಇದ್ದೇವೆ?
ನನ್ನ ಐದೂ ಬೆರಳು
ಅವಳ ಬೆರಳಿಗೆ ಹೆಣೆದೆ.

ಎದುರುಮನೆಯವರ ಎಣಿಕೆ ಬೆಳಗಾದರೂ ಮುಗಿಯಲಿಲ್ಲ.

ಆ ಇಡೀ ವಾರ ಬೀದಿಗೆ ಬೀದಿಯೇ ಹೊರಗೆ ಮಲಗಿತು,
ದೊಡ್ಡಮ್ಮನ ಪಾದ ನೋಡುತ್ತ.
ಅವಳು ತೋರುಬೆರಳೆತ್ತಿದರೆ ಮಕ್ಕಳನ್ನು ಎತ್ತಿಕೊಳ್ಳುವರು,
ಬಂದುಹೋಗುವುದು ಒಂದು ಮರಿನಡುಕ.
ಒಮ್ಮೆ ಬೆರಳೆತ್ತಿದಳು, ಏನೂ ಬರಲಿಲ್ಲ.
ಸುಮ್ಮನೆ ಹೆದರಿಸುತ್ತಾಳೆ ಕಿವುಡಿ, ಎಂದಳು ನೆರೆಮನೆಯ ಬೆರ್ತಾ,
ಆದರೂ ಮರುರಾತ್ರಿ ತನ್ನ ಚಾಪೆ
ಇವಳ ಪಕ್ಕಕ್ಕೇ ತಂದು ಹಾಸಿದಳು.
ಅಜ್ಜ ಉದುರಿದ ಅಕ್ರೋಟು ಆರಿಸುತ್ತಿದ್ದ.
ಈ ಸಲ ಕೋಲು ಬೇಕಾಗಲಿಲ್ಲ ಅಂದ.
ಮಗುಚಿದ ಪೀಪಾಯಿ, ಮಣ್ಣು ಕುಡಿದ ಕೆಂಪು ನೋಡಿ
ಬಹಳ ಹೊತ್ತಿನ ಮೇಲೆ:
ತುಳುಕಿತು.

ದೊಡ್ಡಮ್ಮನನ್ನು ಕೇಳಿದೆ, ಸದ್ದಿಲ್ಲದೆ ಅದು ನಿನಗೆ ಹೇಗಿತ್ತು?
ಸೊಪ್ಪು ಸೋಸುವುದು ಬಿಟ್ಟು ಕೈ ಖಾಲಿ ಮಾಡಿಕೊಂಡಳು.
ದೊಡ್ಡದು, ಅಷ್ಟೆ.
ಎಳೆಯವನಿದ್ದಾಗ ನೀನು ಏಣಿಯಿಂದ ಬಿದ್ದೆಯಲ್ಲ,
ಅದೂ ನನಗೆ ಹೀಗೇ ಬಂದಿತ್ತು,
ಕಾಲಿನಿಂದ ಎದೆಗೆ.

ಈಗ ಬೇರೆ ಮನೆ, ಕಬ್ಬಿಣ ಕಟ್ಟಿದ ಕಾಂಕ್ರೀಟು.
ಕೆಲವು ರಾತ್ರಿ ಅಡುಗೆಮನೆಗೆ ಹೋಗಿ
ಚಪ್ಪಲಿ ಕಳಚಿ, ಪಾದ ಒತ್ತಿ ನಿಲ್ಲುತ್ತೇನೆ.
ಏನೋ ಸಣ್ಣಗೆ ಅದುರುತ್ತದೆ.
ಬಹಳ ಸಲ ಅದು ಫ್ರಿಜ್ಜು.