ಉತ್ತರ ತೀರಾ ಚಿಕ್ಕದು

ಗೂಡಿನ ಮಾರುಕಟ್ಟೆಯಲ್ಲಿ ಹರಾಜು ಮುಗಿದ ಮೇಲೆ
ಶಿಡ್ಲಘಟ್ಟದ ನನ್ನ ಅಂಗಡಿಗೆ ಜನ ಬರುತ್ತಾರೆ,
ಪಹಣಿಗೆ, ಪ್ಯಾನಿಗೆ, ಜಾತಿ ಪ್ರಮಾಣಪತ್ರಕ್ಕೆ.
ಇವತ್ತು ಬಂದವಳು ಡಿ. ಜಿ. ಮೌನಿಕ.
ಹಿಂದೆ ಅಪ್ಪ, ಕೈಯಲ್ಲಿ ಹರಾಜಿನ ಚೀಟಿ.

ಹೆದ್ದಾರಿ ಪಕ್ಕದ ಗಾಜಿನ ವಿಶ್ವವಿದ್ಯಾಲಯ
ಕೆಂಪು ಚುಕ್ಕಿಯಿಟ್ಟು ಸರ್‌ನೇಮ್ ಕೇಳುತ್ತದೆ.
ಇವರಿಗೆ ಅಂಥದ್ದಿಲ್ಲ.
ಡಿ ಅಂದರೆ ದಿಬ್ಬೂರಹಳ್ಳಿ,
ಜಿ ಅಂದರೆ ಇಲ್ಲೇ ನಿಂತಿರುವ ಗಂಗುಲಪ್ಪ.
‘ಊರು ಹಾಕಲಾ, ಅಪ್ಪನ್ನ ಹಾಕಲಾ?’
ಗಂಗುಲಪ್ಪ ಒಂದು ಹೆಜ್ಜೆ ಹಿಂದೆ ಸರಿದ,
ಬಸ್ಸಿನಲ್ಲಿ ಹಿರಿಯರಿಗೆ ಸೀಟು ಬಿಟ್ಟಂತೆ:
‘ಊರೇ ಇರಲಿ ಸಾರ್.’

ತಂದೆಯ ಉದ್ಯೋಗದ ಪಟ್ಟಿಯಲ್ಲಿ ಪೈಲಟ್ ಇದ್ದಾನೆ,
ದಂತವೈದ್ಯ ಇದ್ದಾನೆ, ಹುಳು ಸಾಕುವವನಿಲ್ಲ.
‘ಇತರೆ’ ಒತ್ತಿದೆ.
‘ಇತರೆ ಅಂದ್ರೆ ಯಾರು?’
‘ನೀನು, ನಾನು.’ ನಕ್ಕ.
ಪುಟದ ತಲೆಯಲ್ಲೇ ಬರೆದಿತ್ತು,
ಅರ್ಜಿ ಶುಲ್ಕ ಸಾವಿರದ ಇನ್ನೂರು, ಮರಳಿಸಲಾಗದು.
ಅವನ ತುಟಿ ಲೆಕ್ಕ ಹಾಕಿತು: ಎರಡೂವರೆ ಕಿಲೋ ಗೂಡು.

ಕೊನೆಯ ಪ್ರಶ್ನೆ: ಈ ವಿಶ್ವವಿದ್ಯಾಲಯವೇ ಏಕೆ?
ಕನಿಷ್ಠ ಐನೂರು ಅಕ್ಷರ.
ಅದಕ್ಕೆ ನನ್ನಲ್ಲೊಂದು ಫೈಲುಂಟು.
ಬಾಲ್ಯದ ಕನಸು, ವಿಶ್ವದರ್ಜೆಯ ಸೌಲಭ್ಯ, ಸಮಾಜಕ್ಕೆ ಕೊಡುಗೆ.
ಎಪ್ಪತ್ತು ಮಕ್ಕಳಿಗೆ ಅಂಟಿಸಿದ್ದೇನೆ,
ಒಂದಕ್ಷರ ಬದಲಿಸದೆ.
‘ಅದು ಬೇಡ ಅಣ್ಣ.’
ಕೀಬೋರ್ಡು ತನ್ನತ್ತ ಎಳೆದುಕೊಂಡು
ಸೊಪ್ಪಿನ ಕರೆ ಹತ್ತಿದ ಬೆರಳಲ್ಲಿ
ಇಂಗ್ಲಿಷಿನಲ್ಲಿ ಒಂದೊಂದೇ ಅಕ್ಷರ ಒತ್ತಿದಳು:
ನಿಮ್ಮ ಬಸ್ಸು ನಮ್ಮೂರ ಗೇಟಿನಲ್ಲಿ ನಿಲ್ಲುತ್ತದೆ.

ಉತ್ತರ ತೀರಾ ಚಿಕ್ಕದು, ಎಂದಿತು ಪರದೆ.

ನನಗೂ ಹಾಗೇ ಅನಿಸಿತ್ತು.
ಆದರೂ ಫೈಲು ಮುಚ್ಚಿ ಕೇಳಿದೆ: ‘ನಿಂತು?’
‘ಏಳು ಇಪ್ಪತ್ತಕ್ಕೆ ಬರುತ್ತೆ. ನಾನಾಗ ಸೊಪ್ಪು ಕೊಯ್ತಾ ಇರ್ತೀನಿ.
ಚೌಡರೆಡ್ಡಿಯವರ ಹುಡುಗ ಒಬ್ಬನೇ ಹತ್ತೋದು.
ಅವನು ಇನ್ನೂ ಮುಖ ತೊಳೀತಿದ್ರೂ
ಅಷ್ಟು ದೊಡ್ಡ ಬಸ್ಸು ಕಾಯುತ್ತೆ ಅಣ್ಣ.
ನಮ್ಮ ಕೆಂಪು ಬಸ್ಸು ಕೈ ಅಡ್ಡ ಹಿಡಿದ್ರೂ ನಿಲ್ಲಲ್ಲ.
ಅವರು ಹಾರನ್ ಹೊಡೆದಾಗೆಲ್ಲ
ನಾನೇ ಲೇಟ್ ಮಾಡ್ತಿದೀನೇನೋ ಅನ್ಸಿ
ಸೊಪ್ಪಿನ ಮಧ್ಯೆ ಎದ್ದು ನಿಲ್ತೀನಿ.’

ಗಂಗುಲಪ್ಪ ಚೀಟಿ ಮಡಚಿದ, ಬಿಡಿಸಿದ, ಮತ್ತೆ ಮಡಚಿದ.
ನಾನು ಅವಳ ಮಾತನ್ನು ಇಂಗ್ಲಿಷಿಗೆ ಇಳಿಸುತ್ತಾ ಹೋದೆ.
ಹಾರನ್ನಿಗೆ ಬಂದಾಗ ಐನೂರು ದಾಟಿತ್ತು.
ಒತ್ತಿದೆ.
ಸಮಯ ಮೀರಿದೆ, ದಯವಿಟ್ಟು ಮೊದಲಿನಿಂದ ಆರಂಭಿಸಿ.

ಬೈದೆ. ಯಾರನ್ನು ಅಂತ ಗೊತ್ತಿಲ್ಲ.
ಅವಳು ಕುರ್ಚಿಯನ್ನು ಇನ್ನಷ್ಟು ಹತ್ತಿರ ಎಳೆದುಕೊಂಡಳು.
ಮತ್ತೆ ಅದೇ ಕೆಂಪು ಚುಕ್ಕಿ, ಅದೇ ಖಾಲಿ ಚೌಕ.
‘ಈ ಸಲ ಅಪ್ಪನ್ನ ಹಾಕಿ’ ಅಂದಳು.

ಗಂಗುಲಪ್ಪ ಪರದೆಗೆ ಬಗ್ಗಿ
ತನ್ನ ಹೆಸರು ಮೂಡುವುದನ್ನು ಕೊನೆಯ ಅಕ್ಷರದವರೆಗೂ ನೋಡಿದ.
ಆಮೇಲೆ ಮೆಲ್ಲಗೆ ಕೇಳಿದ:
‘ಇದಕ್ಕೆ ಬೇರೆ ದುಡ್ಡಾಗುತ್ತಾ ಸಾರ್?’
ಇಲ್ಲ ಅಂದೆ.
ಪ್ರಿಂಟಿಗೆ ಮಾತ್ರ ಹತ್ತು ರೂಪಾಯಿ.